ಅಳತೆಯಪ್ಪ ಬಂದ ದಿನ

"ಕುರ್ಚಿಗಳನ್ನ ಹಿಂದುಗಡೆ ಹೊಲಕ್ಕೇ ಹಾಕ್ರಪ್ಪಾ, ಒಳಗೆ ಕಾಲಿಡೋಕೂ ಜಾಗ ಇಲ್ಲ," ಎಂದಳು ಮಗಳು.

ರಾತ್ರಿ ತೀರಿಕೊಂಡ ಅಮ್ಮ ನಡುಮನೆಯಲ್ಲಿ ತಣ್ಣಗೆ ಮಲಗಿದ್ದಳು. ಬಾಡಿಗೆ ಕುರ್ಚಿ ತಂದವರು ಹಿಂಬಾಗಿಲಿನಿಂದ ಇಳಿದರು.

ಹೊಲವೆಂದರೆ ಹೆಸರಿಗಷ್ಟೇ ಹೊಲ. ಸುತ್ತಲೂ ಬಹುಮಹಡಿ ಕಟ್ಟಡಗಳು ಎದ್ದು, ನಡುವೆ ಉಳಿದ ಚೂರು ಮಣ್ಣು. ಅಲ್ಲಿ ಪೈರು ಕಂಡರೆ ಕೃಷಿ ಜಮೀನಿನ ತೆರಿಗೆ, ಇಲ್ಲದಿದ್ದರೆ ಸೈಟಿನ ತೆರಿಗೆ. ಸೈಟು ಎಂದಾದರೆ, ಹೊಲಿಗೆ ಅಂಗಡಿಯ ಸಂಬಳದಲ್ಲಿ ಮಗಳು ಅದನ್ನು ಉಳಿಸಿಕೊಳ್ಳುವ ಮಾತೇ ಇರಲಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ತೆರಿಗೆ ಕಚೇರಿಯ ಮೌಲ್ಯಮಾಪಕರು ಕಂಡರು. ವರ್ಷವರ್ಷವೂ ಬಂದು ಹೊಲ ನೋಡಿ ಬರೆದುಕೊಂಡು ಹೋಗುವವರು. ಅಮ್ಮ ಅವರಿಗಿಟ್ಟ ಹೆಸರು ಅಳತೆಯಪ್ಪ. ಚಪ್ಪಲಿಗಳ ರಾಶಿ ನೋಡಿ ಅವರು ಅಲ್ಲೇ ನಿಂತರು.

"ಇವತ್ತೇ ವಕ್ಕರಿಸಬೇಕಿತ್ತಾ ಇವ್ನು?" ಎಂದರು ಸೋದರಮಾವ, ಕೇಳಿಸುವಂತೆಯೇ.

"ಗೊತ್ತಿರ್ಲಿಲ್ಲ ಯಜಮಾನ್ರೇ. ತನಿಖೆಗೆ ಅಂತ ಬಂದೆ. ಇನ್ನೊಂದು ದಿನ ಬರ್ತೀನಿ."

"ಯಾವತ್ತು ಬಂದ್ರೂ ಅಷ್ಟೇ ಸಾರ್." ಎಂದಳು ಮಗಳು. "ಇದೊಂದು ಸಲ ಬಿಡ್ತೀನಿ ಅಂತ ಹೋದ ವರ್ಷವೇ ಹೇಳಿದ್ರಿ. ಈ ಸಲಾನೂ ಬಿತ್ತಲಿಲ್ಲ. ಸೈಟು ಅಂತಲೇ ಬರ್ಕೊಳ್ಳಿ."

*

ಸೊಂಟ ಮುರಿದ ಮೇಲೆ ಅಮ್ಮನ ಬಾಯಲ್ಲಿ ಒಂದೇ ಮಾತು. "ಅಲಸಂದೆ ಹಾಕಿದ್ಯೇನೇ?"

"ಭಾನುವಾರ ಹಾಕ್ತೀನಮ್ಮ."

"ನಿನ್ನ ಕ್ಯಾಲೆಂಡರಿನಲ್ಲಿ ಭಾನುವಾರಾನೇ ಇಲ್ಲ ಬಿಡು."

ಭಾನುವಾರಗಳು ಬಂದವು, ಹೋದವು. ಒಂದು ದಿನ ಅಮ್ಮ ಕೇಳುವುದನ್ನೇ ಬಿಟ್ಟಳು. ಮರೆತಿರಬೇಕೆಂದು ಮಗಳು ಒಳಗೊಳಗೇ ಹಗುರಾದಳು. ಆಮೇಲೊಂದು ಸಂಜೆ ನೋಡಿದರೆ ಅಡುಗೆಮನೆಯ ಕುರ್ಚಿಯ ಕಾಲಿಗೆಲ್ಲ ಮಣ್ಣು, ಊರುಗೋಲಿನ ತುದಿಗೂ ಮಣ್ಣು.

"ಆಚೆ ಹೋಗಿದ್ಯಾ? ಇನ್ನೊಂದ್ಸಲ ಬಿದ್ರೆ ಯಾರು ನೋಡ್ಕೋತಾರೆ?"

"ಬಿಸಿಲು ಕಾಯಿಸ್ಕೋತಿದ್ದೆ ಕಣೇ," ಎಂದಳು ಅಮ್ಮ, ಸಿಕ್ಕಿಬಿದ್ದ ಮಗುವಿನಂತೆ.

ಮಗಳು ಸಿಟ್ಟಿನಿಂದ ಕುರ್ಚಿಯನ್ನು ಎತ್ತಿ ಅಟ್ಟದ ಮೇಲೆ ಹಾಕಿದಳು.

*

ಅಳತೆಯಪ್ಪ ಹೊರಡಲಿಲ್ಲ. ಹೊಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬಾಡಿಗೆ ಕುರ್ಚಿಯೊಂದನ್ನು ಸರಿಸಿದರು.

"ಬಾಮ್ಮ ಇಲ್ಲಿ. ಬಿತ್ತಿಲ್ಲ ಅಂದ್ಯಲ್ಲ, ಮತ್ತಿದೇನು?"

ಹುಲ್ಲಿನ ನಡುವೆ ಅಲಸಂದೆಯ ಎಳೆ ಮೊಳಕೆಗಳು. ಸಾಲಾಗಿರಲಿಲ್ಲ, ಅರ್ಧಚಂದ್ರದಂತೆ ಬಾಗಿದ್ದವು. ಅದರ ನಡುವೆ ಕುರ್ಚಿಯ ಕಾಲು ಊರಿದ ನಾಲ್ಕು ಗುಳಿ. ಅದರಾಚೆ ಮತ್ತೊಂದು ಅರ್ಧಚಂದ್ರ, ಮತ್ತೆ ನಾಲ್ಕು ಗುಳಿ. ಕೂತಲ್ಲಿಂದಲೇ ಊರುಗೋಲಿನಲ್ಲಿ ತೂತು ಮಾಡಿ, ಕಾಳು ಉದುರಿಸಿ, ಕುರ್ಚಿ ಎಳೆದುಕೊಂಡು ಮುಂದೆ ಹೋಗಿದ್ದಳು ಅಮ್ಮ. ಅರ್ಧ ಹೊಲಕ್ಕೆ ಬಿತ್ತನೆ ನಿಂತುಹೋಗಿತ್ತು.

ಮಗಳು ಅಲ್ಲೇ ಕುಸಿದಳು. "ಅವಳ ಕುರ್ಚೀನ ಅಟ್ಟಕ್ಕೆ ಹಾಕ್ಬಿಟ್ಟೆ ಮಾವ," ಎಂದು ಗೋಳೋ ಎಂದು ಅತ್ತಳು.

ಮಾವ ಬಾಡಿಗೆ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಪಕ್ಕಕ್ಕೆ ಇಡತೊಡಗಿದರು.

"ಹೊಲ ಅಂತಲೇ ಬರ್ಕೊಂಡಿದ್ದೀನಿ," ಎಂದು ಅಳತೆಯಪ್ಪನೂ ಕೈಜೋಡಿಸಿದರು.

ಮುಂಬಾಗಿಲು ಇಕ್ಕಟ್ಟು. ಅಮ್ಮನನ್ನು ಹೊಲದ ಮೇಲಿನಿಂದಲೇ ರಸ್ತೆಗೆ ಒಯ್ಯಬೇಕಿತ್ತು. ಹೊತ್ತವರು ನೇರ ದಾರಿ ಬಿಟ್ಟು, ಒಂದೊಂದು ಅರ್ಧಚಂದ್ರವನ್ನೂ ಬಳಸಿಕೊಂಡು ನಿಧಾನವಾಗಿ ನಡೆದರು. ಮುಂದೆ ಮುಂದೆ ಮಗಳು, ಅಮ್ಮನ ಊರುಗೋಲಿನಿಂದ ಎಲ್ಲಿ ಕಾಲಿಡಬಾರದೆಂದು ತೋರಿಸುತ್ತ ಹೋದಳು.