ಕಣ್ಣ ಕೆಳಗಿನ ಬಾವು

ಬ್ಯೂಟಿ ಪಾರ್ಲರಿನ ಒಡತಿಗೆ ಒಂದು ಜಂಬವಿತ್ತು. ಮುಖಕ್ಕೆ ಬಂದ ಯಾವ ತೊಂದರೆಯೂ ತನ್ನ ಕೈಗೆ ಸಿಕ್ಕರೆ ಉಳಿಯುವುದಿಲ್ಲ ಎಂದು. ಹಾಗಾಗಿ ಅಕ್ಕನ ಮಗಳು, ಎಲ್ಲರೂ ಗುಬ್ಬಿ ಎಂದೇ ಕರೆಯುವ ಹುಡುಗಿ, ಒಂದು ಬೆಳಿಗ್ಗೆ ಕಣ್ಣು ಊದಿಸಿಕೊಂಡು ಬಂದಾಗ ಅವಳೇನೂ ಗಾಬರಿಯಾಗಲಿಲ್ಲ. ನಿದ್ದೆಗೆಟ್ಟು ಫೋನು ನೋಡಿದ್ದೀಯ ಎಂದು ಗದರಿಸಿ, ಕುರ್ಚಿ ಹಿಂದಕ್ಕೆ ಬಾಗಿಸಿ, ಫ್ರಿಜ್ಜಿನಲ್ಲಿಟ್ಟಿದ್ದ ಚಮಚಗಳನ್ನು ಕಣ್ಣ ಮೇಲಿಟ್ಟಳು. ಮಧ್ಯಾಹ್ನಕ್ಕೆ ಬಾವು ಇಳಿಯಿತು. ನೋಡಿದೆಯಾ ನನ್ನ ಕೈಗುಣ ಎಂದು ಬೀಗಿದಳು. ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಹುಡುಗಿ ಎದ್ದು ಓಡಾಡಿದ್ದಕ್ಕೆ ನೀರು ಕಾಲಿಗಿಳಿದಿತ್ತು, ಅಷ್ಟೇ. ಮುಖ ತಿದ್ದುವುದೇ ಕಸುಬಾದವರು ಕಾಲು ಯಾಕೆ ನೋಡುತ್ತಾರೆ?

ದಿನಾ ಬೆಳಿಗ್ಗೆ ಇದೇ ಆಯಿತು. ಚಮಚ ತೆಗೆದ ಮೇಲೆ ಚಿಕ್ಕಮ್ಮ ಎಂದಿನಂತೆ ಹೆಸರು, ವಿಳಾಸ ಒಂದೂ ಇಲ್ಲದ ಡಬ್ಬಿಯಿಂದ ಬಣ್ಣ ಬಿಳಿ ಮಾಡುವ ಕ್ರೀಮು ಹಚ್ಚುತ್ತಿದ್ದಳು. ನನ್ನ ಮಗಳ ಮುಖಕ್ಕೆ ಏನೂ ಬಳಿಯಬೇಡ ಎಂದು ಅಕ್ಕ ಕಡ್ಡಿ ಮುರಿದಂತೆ ಹೇಳಿದ್ದಳು. ಆದರೆ ಶಾಲೆಯಲ್ಲಿ ಯಾರೋ ಗುಬ್ಬಿಯ ಬಣ್ಣವನ್ನು ಆಡಿಕೊಂಡು ನಕ್ಕರೆಂದು ಕೇಳಿ ಚಿಕ್ಕಮ್ಮನ ಕರುಳು ಚುರುಕ್ಕೆಂದಿತ್ತು. ಮಕ್ಕಳಿಲ್ಲದ ಅವಳಿಗೆ ಆ ಹುಡುಗಿಯೇ ಜೀವ. ಕಳೆದ ಚಳಿಗಾಲದಿಂದ ಅಕ್ಕನ ಕಣ್ಣು ತಪ್ಪಿಸಿ ಹಚ್ಚುತ್ತಿದ್ದಳು.

ಗುಬ್ಬಿಗೆ ಚಪ್ಪಲಿ ಹಿಡಿಯದಾದ ದಿನ ಅಕ್ಕ ಅವಳ ಪಾದವನ್ನು ಒತ್ತಿ ನೋಡಿದಳು. ಬೆರಳೊತ್ತಿದಲ್ಲಿ ಗುಳಿ ಬಿದ್ದು ಹಾಗೇ ನಿಂತಿತು. ಉಚ್ಚೆಯೂ ನೊರೆನೊರೆಯಾಗಿ ಹೋಗುತ್ತಿದೆ ಎಂದು ಹುಡುಗಿ ನಾಚುತ್ತ ಬಾಯಿಬಿಟ್ಟಳು. ಮೂವರೂ ಆಸ್ಪತ್ರೆಗೆ ಹೋದರು.

ಕಿಡ್ನಿ ಡಾಕ್ಟರು ಅವಸರವಿಲ್ಲದ ಹೆಂಗಸು. ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಬಿಡಿಸಿ ಹೇಳಿದರು. ಕಿಡ್ನಿಯೊಳಗೆ ಸೂಕ್ಷ್ಮವಾದ ಜರಡಿಗಳಿವೆ. ನೀರನ್ನೂ ಕಸವನ್ನೂ ಹೊರಗೆ ಬಿಟ್ಟು ರಕ್ತದ ಪ್ರೋಟೀನನ್ನು ಒಳಗೇ ತಡೆಯುತ್ತವೆ. ಜರಡಿ ಕೆಟ್ಟರೆ ಪ್ರೋಟೀನು ಸೋರಿಹೋಗುತ್ತದೆ, ನೊರೆ ಅದರಿಂದಲೇ. ನೀರನ್ನು ರಕ್ತದಲ್ಲಿ ಹಿಡಿದಿಡುವುದೂ ಆ ಪ್ರೋಟೀನೇ. ಅದು ಕಡಿಮೆಯಾದರೆ ನೀರು ಜಿನುಗಿ ಮೈಗೆ ಸೇರುತ್ತದೆ, ಕಿಡ್ನಿಯೂ ಉಪ್ಪನ್ನೂ ನೀರನ್ನೂ ಹೊರಗೆ ಬಿಡದೆ ಬಾವು ಹೆಚ್ಚಿಸುತ್ತದೆ. ಮಲಗಿ ಎದ್ದಾಗ ಕಣ್ಣ ಕೆಳಗೆ, ಸಂಜೆ ಕಾಲಲ್ಲಿ. ಜರಡಿ ಕೆಡಲು ಕಾರಣ ಹಲವು: ಸಕ್ಕರೆ ಕಾಯಿಲೆ, ಸೋಂಕು, ಕೆಲವು ಮಾತ್ರೆ, ಎಷ್ಟೋ ಸಲ ಮೈಯ ರಕ್ಷಣಾಶಕ್ತಿಯೇ ತಿರುಗಿಬೀಳುವುದು.

"ಮಾತ್ರೆ, ನಾಟಿ ಔಷಧಿ, ಮೈಗೆ ಹಚ್ಚೋದು, ಏನಾದ್ರೂ ಇದೆಯಾ?" ಎಂದು ಕೇಳಿದರು.

ಏನೂ ಇಲ್ಲ, ತಂಗಿಯದೇ ಪಾರ್ಲರ್ ಇದ್ದರೂ ಹಚ್ಚಲು ಬಿಟ್ಟಿಲ್ಲ ಎಂದಳು ಅಕ್ಕ. ಗುಬ್ಬಿ ತಲೆ ತಗ್ಗಿಸಿ ಕೂತಳು. ತನ್ನನ್ನು ಕಾಯಲು ಮಗು ಸುಮ್ಮನಿದೆ ಎಂದು ಚಿಕ್ಕಮ್ಮನಿಗೆ ಗೊತ್ತಾಯಿತು. ಬಾಯಿಬಿಟ್ಟರೆ ಅಕ್ಕ ಇನ್ನು ಹುಡುಗಿಯನ್ನು ಕಳಿಸುವುದಿಲ್ಲ. ಬಾಯಿಬಿಡದಿದ್ದರೆ ಆ ಜರಡಿ ಸೋರುತ್ತಲೇ ಇರುತ್ತದೆ.

"ನಾನು ಹಚ್ಚಿದ್ದೀನಿ ಡಾಕ್ಟ್ರೆ," ಎಂದಳು. "ಬೆಳ್ಳಗಾಗೋ ಕ್ರೀಮು. ದಿನಾ."

ಡಾಕ್ಟರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಇಂಥ ಕೆಲವು ಕ್ರೀಮುಗಳಲ್ಲಿ ಪಾದರಸವಿರುತ್ತದೆ, ಚರ್ಮದಿಂದ ರಕ್ತಕ್ಕಿಳಿದು ಈ ಜರಡಿಯನ್ನೇ ಕೆಡಿಸಬಲ್ಲದು ಎಂದರು. ಪರೀಕ್ಷೆ ಮಾಡಿಸಬೇಕು, ಅದೇ ಕಾರಣವಾದರೆ, ಕ್ರೀಮು ಬಿಟ್ಟ ಮೇಲೆ ಕೆಲವು ತಿಂಗಳಲ್ಲಿ ಬಹಳ ಜನ ಸುಧಾರಿಸುತ್ತಾರೆ. ಡಬ್ಬಿ ತಂದುಕೊಡಿ, ಬೇರೆ ಯಾರಿಗೂ ಹಚ್ಚಬೇಡಿ ಎಂದರು. ಅಕ್ಕ ತಂಗಿಯ ಕಡೆ ಒಂದು ಸಲ ನೋಡಿ, ಕುರ್ಚಿಯನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡಳು.

ಹೊರಗೆ ಅಕ್ಕ ಮಗಳನ್ನು ಪಕ್ಕಕ್ಕೆಳೆದುಕೊಂಡು ಬೆಂಚಿನ ತುದಿಗೆ ಕೂತಳು, ಚಿಕ್ಕಮ್ಮ ನಿಂತೇ ಇದ್ದಳು. ಗುಬ್ಬಿ ಅಮ್ಮನನ್ನು ದಾಟಿ ಬಗ್ಗಿ ಕೇಳಿದಳು.

"ಚಿಕ್ಕಮ್ಮ, ಕ್ರೀಮು ಬಿಟ್ರೆ ನಾನು ಮತ್ತೆ ಕಪ್ಪಗಾಗ್ತೀನಾ?"

ಅಯ್ಯೋ, ಕಿಡ್ನಿಯ ಚಿಂತೆ ಆ ಮಗುವಿಗಿರಲಿಲ್ಲ! ಶಾಲೆಯವರು ಒಂದು ಸಲ ಆಡಿಕೊಂಡು ಮರೆತಿದ್ದರು. ದಿನಾ ಬೆಳಿಗ್ಗೆ ಕನ್ನಡಿಯೆದುರು ಕೂರಿಸಿ, ನಿನ್ನ ಬಣ್ಣ ಸರಿಯಿಲ್ಲ ಎಂದು ಕೈಯಾರೆ ತೀಡಿ ತೀಡಿ ಕಲಿಸಿದವಳು ತಾನು. ಚಿಕ್ಕಮ್ಮ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಆಗ್ತೀಯ ಕಣೇ," ಎಂದಳು. "ನೀನು ಹುಟ್ಟಿದಾಗ ನಾನೇ ಮೊದಲು ಎತ್ಕೊಂಡಿದ್ದು. ಆಗ ಇದ್ದ ಹಾಗೇ ಆಗ್ತೀಯ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ತಂಗಿಗೆ ಬೆಂಚಿನಲ್ಲಿ ಜಾಗ ಬಿಡಲಿಲ್ಲ.