ಮೂರನೆಯ ಬಟ್ಟಲು

"ಮನೆಯಲ್ಲೇ ಕುಳಿತು ತುಂಬಿದ ಹಾಳೆಗಳು" ಎಂದು ಪ್ರೊಫೆಸರರು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದಿದ್ದರು. ಮಡಿವಾಳೆಪ್ಪ ಅದನ್ನು ಮೂರನೇ ಸಲ ಓದಿ ಮಡಚಿದ. ಒಂದೂವರೆ ತಿಂಗಳು ತಂಬೂರು ಎಂಬ ಹಳ್ಳಿಯ ಕೆಸರು ತುಳಿದದ್ದಕ್ಕೆ ಸಿಕ್ಕ ಬಿರುದು ಇದು. ಶನಿವಾರದೊಳಗೆ ಸಮಜಾಯಿಷಿ ಕೊಡದಿದ್ದರೆ ಪಿಎಚ್‌ಡಿಯ ಆಸೆ ಬಿಡಬೇಕು.

ಕೆಲಸ ಕೇಳುವುದಕ್ಕೇನೋ ಸರಳ. ಮನೆಮನೆಗೆ ಹೋಗಿ ಇಪ್ಪತ್ತು ಹುಣಸೆಬೀಜ, ಮೂರು ಸ್ಟೀಲ್ ಬಟ್ಟಲು ಕೊಡುವುದು. ಈ ಸಲ ಭತ್ತ ಚೆನ್ನಾಗಿ ಬರುತ್ತದೆ, ಸಾಧಾರಣ ಬರುತ್ತದೆ, ಬರುವುದೇ ಇಲ್ಲ. ಯಾವುದರ ಮೇಲೆ ಎಷ್ಟು ನಂಬಿಕೆಯೋ ಆ ಬಟ್ಟಲಿಗೆ ಅಷ್ಟು ಬೀಜ. ಬಟ್ಟಲು ವಾಪಸು ಪಡೆದು, ಎಣಿಸಿ ಬರೆದುಕೊಳ್ಳುವುದು. ಮೂವತ್ತೆಂಟು ಮನೆಗಳಲ್ಲೂ ಮೂರನೆಯ ಬಟ್ಟಲಿಗೆ ಬಿದ್ದದ್ದು ಒಂದೇ ಒಂದು ಬೀಜ. ಕೆರೆ ನೀರಿನವರದೂ ಒಂದು, ಮಳೆ ನಂಬಿದವರದೂ ಒಂದು. ಇದನ್ನು ಯಾವ ಪ್ರೊಫೆಸರ್ ನಂಬಿಯಾನು?

ಅವನು ಬಾಡಿಗೆಗಿದ್ದ ಖೋಲಿಯ ಮಾಲಕಿ ನೀಲಕ್ಕ. ದಿನಾ ಡಬ್ಬಿಯಲ್ಲಿ ರೊಟ್ಟಿ ಪಲ್ಯ ಹಾಕಿಕೊಡುವವಳೂ ಅವಳೇ. ಕೆರೆಯ ಏರಿಗೆ ಅಂಟಿಕೊಂಡ ಅವಳ ಗದ್ದೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಒಣಗಿರಲಿಲ್ಲ. ಹಾಗಾದರೆ ಆ ಒಂದು ಬೀಜ ಯಾಕೆ ಹಾಕಿದಿರೆಂದು ಸಿಟ್ಟಿನಿಂದಲೇ ಕೇಳಿದ.

"ಬಟ್ಟಲಾ ನಿಂದಲ್ಲೇನು ತಮ್ಮಾ? ಮಂದಿ ಭಾಂಡೆ ಬರಿದ ಹೆಂಗ ತಿರಗಿ ಕೊಡೂದು? ಒಂದು ಕಾಳರ ಹಾಕಬೇಕಲ್ಲ."

"ಇದನ್ನ ಮೊದಲ ಹೇಳಬೇಕಿತ್ತಲ್ರಿ, ನೀಲಕ್ಕಾ."

"ಇದು ಹೇಳೂ ಮಾತೇನು?"

ಮಡಿವಾಳೆಪ್ಪನಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆ ಒಂದನ್ನು ಕಳೆದು ಬರೆದರಾಯಿತೇ? ಹೆದರಿ ಹಾಕಿದವರು ಯಾರು, ಮರ್ಯಾದೆಗೆ ಹಾಕಿದವರು ಯಾರು ಎಂದು ಬೀಜ ಹೇಳುವುದಿಲ್ಲ. ಮೂವತ್ತೆಂಟು ಹಾಳೆಯೂ ದಂಡ. ಶನಿವಾರಕ್ಕೆ ಮೂರೇ ದಿನ.

ಬಟ್ಟಲುಗಳ ಬದಲಿಗೆ ಅವಳ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಚೌಕ ಗೀಚಿ, ಬೀಜಗಳನ್ನು ಮತ್ತೆ ಅವಳ ಕೈಗಿಟ್ಟ. ನೀಲಕ್ಕ ಹದಿನೈದನ್ನು ಮೊದಲನೆಯದರಲ್ಲಿ, ಐದನ್ನು ಎರಡನೆಯದರಲ್ಲಿ ಇಟ್ಟಳು. ಮೂರನೆಯದರ ಕಡೆ ನೋಡಲೂ ಇಲ್ಲ. ಅವನು ಹೊಸ ಹಾಳೆಯ ಮೇಲೆ ಸೊನ್ನೆ ಬರೆದ. ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

"ಡಬ್ಬಿ ಕೊಡು, ರೊಟ್ಟಿ ಹಾಕತೇನಿ," ಎಂದು ಅವಳು ಎದ್ದಳು.

ಡಬ್ಬಿ ಅವನ ಖೋಲಿಯ ಕಿಟಕಿಯಲ್ಲಿ ಬೋರಲಾಗಿ ಬಿದ್ದಿತ್ತು. ಒಂದೂವರೆ ತಿಂಗಳು ದಿನಾ ಹೀಗೇ, ತಿಕ್ಕಿ ತೊಳೆದು, ಬರಿದೇ ಅವಳ ಕೈಗೆ ಕೊಟ್ಟಿದ್ದ. ಅವಳು ಒಂದು ದಿನವೂ ತುಟಿ ಬಿಚ್ಚಿರಲಿಲ್ಲ. ಖೋಲಿಯಲ್ಲಿ ಹುಡುಕಿದ, ಒಂದು ಚೂರು ಬೆಲ್ಲವೂ ಇರಲಿಲ್ಲ.

ಒಂದು ಹುಣಸೆಬೀಜ ಹಾಕಿ ಮುಚ್ಚಳ ಒತ್ತಿ ತಂದುಕೊಟ್ಟ. ಡಬ್ಬಿ ಕೈ ಬದಲಾಯಿಸುವಾಗ ಒಳಗೆ ಬೀಜ ಉರುಳಿತು. ನೀಲಕ್ಕ ಒಂದು ಗಳಿಗೆ ನಿಂತು, ಮುಚ್ಚಳ ತೆಗೆಯದೆ ಅಡುಗೆಮನೆಗೆ ಹೋದಳು.