ಸೂಲಗಿತ್ತಿಯ ನೆನಪು

ಎರ್ಸಿಲಿಯಾಗೆ ಓದು ಬರಹ ಬಾರದು. ಹಾಗೆಯೇ ಮರೆವು ಎಂಬುದೂ ಬಾರದು. ಕಬ್ಬಿನ ಗದ್ದೆಗಳ ನಡುವೆ ಸಿಕ್ಕಿಕೊಂಡ ಲಾ ಪಲ್ಮಿತಾ ಕೇರಿಯಲ್ಲಿ ನಲವತ್ತು ವರ್ಷ ಸೂಲಗಿತ್ತಿಯಾಗಿದ್ದವಳು ಅವಳು. ಯಾವ ಕೂಸು ಯಾವ ದಿನ ಹುಟ್ಟಿತು, ತಲೆ ಮೊದಲು ಬಂತೋ ಕಾಲು ಮೊದಲು ಬಂತೋ, ಆಗ ಹೊರಗೆ ಮಳೆಯಿತ್ತೋ ಬಿಸಿಲಿತ್ತೋ, ಕೇಳಿದರೆ ಸಾಕು, ಬಟಾಣಿ ಬಿಡಿಸುತ್ತಲೇ ಹೇಳಿಬಿಡುತ್ತಿದ್ದಳು. ಗಂಡ ಹೆಂಡತಿ ಮಗನ ವಯಸ್ಸಿನ ಬಗ್ಗೆ ಜಗಳಕ್ಕೆ ಬಿದ್ದರೆ ತೀರ್ಪಿಗೆ ಬರುತ್ತಿದ್ದುದು ಅವಳ ಬಾಗಿಲಿಗೆ. ಅಂಥ ಹೆಂಗಸು ಪಟ್ಟಣದ ಕಚೇರಿಯಲ್ಲಿ ಹತ್ತು ಜನರ ಎದುರು ನಿಂತು "ನೆನಪಿಲ್ಲ" ಅಂದುಬಿಟ್ಟಳು. ಕೇರಿಯವರು ಇವತ್ತಿಗೂ ಆ ಮಾತನ್ನು ನಂಬಿಲ್ಲ.

ಪಕ್ಕದ ಮನೆಯ ಮಿರ್ಲಾಂದ್ ನದಿಯಾಚೆಯ ಹೈತಿಯಿಂದ ಬಂದವಳು. ಕಬ್ಬು ಕಡಿಯುವ ಗಂಡನ ಬೆನ್ನು ಹಿಡಿದು ಹತ್ತೊಂಬತ್ತನೆಯ ವಯಸ್ಸಿಗೆ ಬಂದಳು. ಗಂಡ ಸತ್ತ ಮೇಲೂ ಇಲ್ಲೇ ಉಳಿದಳು. ಅವಳ ಮಗಳು ಯೊಕಾಸ್ತಾ ಹುಟ್ಟಿದ್ದು ಹದಿನಾರು ವರ್ಷದ ಹಿಂದೆ, ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ ಎರಡನೆಯ ಗುರುವಾರ, ಎರ್ಸಿಲಿಯಾಳ ಸ್ವಂತ ಮಂಚದ ಮೇಲೆ. ಕೂಸಿನ ಕತ್ತಿಗೆ ಹೊಕ್ಕುಳಬಳ್ಳಿ ಎರಡು ಸುತ್ತು ಸುತ್ತಿತ್ತು. ಮೈಯೆಲ್ಲ ನೀಲಿಗಟ್ಟಿತ್ತು. ಪಾದ್ರಿ ಬರುವವರೆಗೆ ಕಾದರೆ ಹೆಸರಿಲ್ಲದೆ ದೇವರ ಹತ್ತಿರ ಹೋಗುತ್ತದೆಂದು ಎರ್ಸಿಲಿಯಾ ತಾನೇ ತಲೆಯ ಮೇಲೆ ನೀರೆರೆದು ಹೆಸರಿಟ್ಟಳು. ನೀರು ಬಿದ್ದದ್ದೇ ಕೂಸು ಕಿರುಚಿತು. ಎತ್ತಿ ಹಿಡಿಯಲು ಬೇರೆ ಯಾರೂ ಇರಲಿಲ್ಲವಾಗಿ ನೀರೆರೆದವಳೇ ಧರ್ಮತಾಯಿಯೂ ಆದಳು. ಹೊಕ್ಕುಳಬಳ್ಳಿಯನ್ನು ಹೂಳಲು ಮಿರ್ಲಾಂದ್‌ಗೆ ತನ್ನದೆಂಬ ಗೇಣು ನೆಲ ಎಲ್ಲಿತ್ತು? ಅದನ್ನೂ ಎರ್ಸಿಲಿಯಾ ತನ್ನ ಹಿತ್ತಲಿನ ಬೆಣ್ಣೆಹಣ್ಣಿನ ಮರದ ಬುಡದಲ್ಲಿ ಹೂತಳು.

ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಹೆತ್ತವಳಿಗೂ ಧರ್ಮತಾಯಿಗೂ ನಡುವಿನ ಈ ನಂಟು ಒಡಹುಟ್ಟಿದವರ ನಂಟಿಗಿಂತ ದೊಡ್ಡದು. ಕೊಮಾದ್ರೆಗೆ ಎರಡು ಬಗೆದವರಿಗೆ ಸತ್ತ ಮೇಲೂ ನೆಮ್ಮದಿಯಿಲ್ಲ ಎನ್ನುತ್ತಾರೆ. ಪ್ರತಿವರ್ಷ ಆ ಉಪವಾಸದ ದಿನಗಳಲ್ಲಿ ಕೆಂಪು ಕಾಳು, ತೆಂಗಿನ ಹಾಲು, ಗೆಣಸು ಹಾಕಿ ಮಾಡುವ ಪಾಯಸ ಬೇಲಿಯ ಆಚೆಯಿಂದ ಈಚೆಗೂ ಈಚೆಯಿಂದ ಆಚೆಗೂ ಓಡಾಡುತ್ತಿತ್ತು. ಯೊಕಾಸ್ತಾ ಶಾಲೆಗೆ ಹೋಗುವಾಗಲೂ ಬರುವಾಗಲೂ ಬೇಲಿಯ ಬಳಿ ನಿಂತು ಧರ್ಮತಾಯಿಯನ್ನು ಕರೆದು, "ಆಶೀರ್ವಾದ ಮಾಡಿ, ಮದ್ರಿನಾ" ಎನ್ನುವಳು. "ದೇವ್ರು ಒಳ್ಳೇದು ಮಾಡ್ಲಿ ಮಗಳೇ" ಎಂದು ಇವಳು ಹೇಳುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ.

ಆ ಹುಡುಗಿ ದಾದಿಯಾಗಬೇಕೆಂದಿದ್ದಳು. ಶಾಲೆಯ ಕೊನೆಯ ಪರೀಕ್ಷೆಗೆ ಕೂರಬೇಕಾದರೆ ಜನನಪತ್ರ ಬೇಕು. ಹೈತಿಯವಳ ಮಗಳೆಂದು ಯಾರೂ ಬರೆದುಕೊಂಡಿರಲಿಲ್ಲ. ಅಷ್ಟರಲ್ಲಿ ಹೊಸ ಕಾನೂನು ಬಂತು. ಇಲ್ಲೇ ಹುಟ್ಟಿದ್ದೆಂದು ಸೂಲಗಿತ್ತಿ ಪ್ರಮಾಣ ಮಾಡಿ ಹೇಳಿದರೆ ಸಾಕು, ಈ ದೇಶದವಳೆಂದು ಬರೆದುಕೊಳ್ಳುತ್ತಾರಂತೆ. ಮಿರ್ಲಾಂದ್ ಕುಣಿಯುವುದೊಂದು ಬಾಕಿ.

"ಕೊಮಾದ್ರೆ, ನಿಮ್ಮ ಒಂದು ಮಾತು. ಒಂದೇ ಮಾತು!"

"ಒಂದ್ಯಾಕೆ, ನೂರು ಹೇಳ್ತೀನಿ. ನನ್ನ ನಾಲಿಗೆಗೇನು ಲಕ್ವ ಹೊಡ್ದಿದ್ಯಾ?" ಎಂದಳು ಎರ್ಸಿಲಿಯಾ. ಆ ಕ್ಷಣಕ್ಕೆ ಅದು ನಿಜವಾದ ಮಾತೇ ಆಗಿತ್ತು.

ಕಚೇರಿಗೆ ಹೋಗುವುದಕ್ಕೆ ಮೊದಲಿನ ಭಾನುವಾರ ಮಗ ಅರಿಸ್ಮೆಂದಿ ಫೋನು ಮಾಡಿದ. ಗಡಿಯಲ್ಲಿ ಸೈನಿಕ ಅವನು. "ಅಮ್ಮಾ, ನನ್ನ ಬಡ್ತಿ ಫೈಲು ಮೇಲಕ್ಕೆ ಹೋಗಿದೆ. ಈ ಸಲ ಮನೆತನ, ಪೂರ್ವೋತ್ತರ ಎಲ್ಲಾ ವಿಚಾರಿಸ್ತಾರಂತೆ ಕಣಮ್ಮ!" ಎಂದು ನಗುನಗುತ್ತಾ ಹೇಳಿದ. ಎರ್ಸಿಲಿಯಾಳ ನಗು ಅಲ್ಲೇ ನಿಂತಿತು.

ಕಾರಣ ಅವಳ ತಾಯಿ. ಗುರುತಿನ ಚೀಟಿಯಲ್ಲಿ ತಾಯಿಯ ಹೆಸರು ಆನಾ ಲುಯಿಸಾ ಎಂದಿತ್ತು. ನಿಜವಾದ ಹೆಸರು ಆನಲೀಸ್. ಮಿರ್ಲಾಂದ್ ದಾಟಿದ ನದಿಯನ್ನೇ ಐವತ್ತು ವರ್ಷ ಮೊದಲು ದಾಟಿ ಬಂದವಳು. ಎರ್ಸಿಲಿಯಾ ಅದನ್ನು ಗಂಡನಿಗೆ ಹೇಳಿರಲಿಲ್ಲ, ಮಗನಿಗೂ ಹೇಳಿರಲಿಲ್ಲ. ನಮ್ಮ ಕಡೆ ಕಪ್ಪಗಿರುವವರು ಯಾರೂ ಇಲ್ಲ ನೋಡಿ. ಕಾಗದದ ಮೇಲೆ ಎಲ್ಲರೂ ಗೋಧಿಬಣ್ಣ. ಕಪ್ಪೆಂದರೆ ನದಿಯಾಚೆಯವರು ಮಾತ್ರ. ಇದ್ದಿಲಿನ ಹಾಗಿರುವವನೂ ಕನ್ನಡಿಯ ಮುಂದೆ ನಿಂತು ಪೌಡರು ಹಚ್ಚಿಕೊಂಡು, "ಆ ಕರಿಯರು ದೇಶ ಹಾಳು ಮಾಡಿದ್ರು" ಎನ್ನುತ್ತಾನೆ. ಎರ್ಸಿಲಿಯಾಳೂ ಬೇಕಾದಷ್ಟು ಸಲ ಅಂದಿದ್ದಳು, ಮಿರ್ಲಾಂದ್‌ಳನ್ನು ಪಕ್ಕದಲ್ಲೇ ಕೂರಿಸಿಕೊಂಡು. "ನೀನು ಬೇರೆ ಬಿಡು" ಎಂದು ಸೇರಿಸುತ್ತಿದ್ದಳು ಅಷ್ಟೆ.

ಕಚೇರಿಯಲ್ಲಿ ಗುಮಾಸ್ತ ತಲೆಗೆ ಎಣ್ಣೆ ಮೆತ್ತಿದ ಎಳೆಯ ಗಂಡಸು. ಎದುರಿನ ಬೆಂಚಿನ ಮೇಲೆ ಯೊಕಾಸ್ತಾ ಇಸ್ತ್ರಿ ಮಾಡಿದ ಶಾಲೆಯ ನೀಲಿ ಅಂಗಿ ತೊಟ್ಟು, ಅಮ್ಮನ ಪಕ್ಕ ಮೊಣಕಾಲು ಜೋಡಿಸಿ ಕೂತಿದ್ದಳು.

"ಹೆಸರು ಅಜ್ಜಿ?"

"ಎರ್ಸಿಲಿಯಾ ಮಾತೆಯೊ."

"ತಾಯಿ ಹೆಸರು? ಹುಟ್ಟಿದ ಊರು?"

ಎರ್ಸಿಲಿಯಾ ಬಾಯಿ ತೆರೆಯುವ ಮೊದಲೇ ಅವನು ಸಾಲಿನಲ್ಲಿದ್ದವರ ಕಡೆ ಕಣ್ಣು ಮಿಟುಕಿಸಿದ. "ಈಗೀಗ ಸಾಕ್ಷಿ ಹೇಳೋರ ಬೇರನ್ನೂ ಅಗೆದು ನೋಡ್ತೀವಿ ಅಜ್ಜಿ. ಕೆಲವರದು ಅಗೀತಾ ಹೋದ್ರೆ ನದಿ ದಾಟಿ ಆಚೆ ದಡದಲ್ಲಿ ಸಿಗತ್ತೆ!"

ಎಲ್ಲರೂ ನಕ್ಕರು. ಎರ್ಸಿಲಿಯಾಳೂ ನಕ್ಕಳು. ಅವನು ಹೇಳಿದ್ದು ತಮಾಷೆಗೆ, ದಿನಕ್ಕೆ ಇಪ್ಪತ್ತು ಸಲ ಹೇಳುವ ಸವಕಲು ತಮಾಷೆ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಮುದುಕಿ. ಅವಳ ಕಣ್ಣಿಗೆ ಗುಮಾಸ್ತ ಕಾಣಲಿಲ್ಲ, ಯಾರೋ ಅಧಿಕಾರಿಯ ಮೇಜಿನ ಮೇಲೆ ಬಿಡಿಸಿಟ್ಟ ಮಗನ ಫೈಲು ಕಂಡಿತು.

"ಆನಾ ಲುಯಿಸಾ. ಇಲ್ಲೇ ಹುಟ್ಟಿದ್ದು."

"ಸರಿ. ಈ ಹುಡುಗಿ ಹುಟ್ಟಿದ್ದು ನಿಮ್ಮ ಕೈಯಲ್ಲೇನಾ? ಯೋಚಿಸಿ ಹೇಳಿ. ಸುಳ್ಳಾದ್ರೆ ಪೂರ್ತಿ ತನಿಖೆ ಆಗತ್ತೆ."

ತನಿಖೆ ಎಂಬ ಪದವೊಂದೇ ಅವಳ ಕಿವಿಗೆ ಬಿತ್ತು. ನಿಜ ಹೇಳುವವಳಿಗೆ ಯಾವ ತನಿಖೆಯ ಭಯ? ಇಷ್ಟು ಸುಲಭದ ಯೋಚನೆ ಅವಳಿಗೆ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ, ಅರ್ಧ ದಾರಿಯಲ್ಲಿ.

"ನೆನಪಿಲ್ಲಪ್ಪ," ಎಂದಳು. "ಎಷ್ಟೋ ಮಕ್ಕಳು. ನೆನಪಿಲ್ಲ."

"ಕೊಮಾದ್ರೆ?" ಎಂದಳು ಮಿರ್ಲಾಂದ್, ಮೆಲ್ಲಗೆ.

ಎರ್ಸಿಲಿಯಾ ತನ್ನ ಕೈಚೀಲದ ಹಿಡಿಯನ್ನು ನೋಡುತ್ತಿದ್ದಳು. ಗುಮಾಸ್ತ ಪೆನ್ನು ಕೆಳಗಿಟ್ಟ. ಆಗ ಮಿರ್ಲಾಂದ್ ಮಾಡಿದ ಕೆಲಸವನ್ನು ಎರ್ಸಿಲಿಯಾ ಸಾಯುವ ತನಕ ಮರೆಯುವ ಹಾಗಿಲ್ಲ. ಅವಳು ಕೂಗಾಡಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಎದ್ದು ಬಂದು ಮುದುಕಿಯ ತೋಳು ಹಿಡಿದುಕೊಂಡು ಗುಮಾಸ್ತನಿಗೆ, "ಬೈಬೇಡಿ ಸಾರ್, ಪಾಪ ವಯಸ್ಸಾಯ್ತು ಅವರಿಗೆ" ಎಂದಳು.

ಬಸ್ಸಿನಲ್ಲಿ ಯೊಕಾಸ್ತಾ ಹಿಂದಿನ ಸೀಟಿಗೆ ಹೋಗಿ ಕೂತಳು. ಕೇರಿ ಬಂದಾಗ ಇಳಿದು ನೇರ ಮನೆಗೆ ನಡೆದಳು. ಬೇಲಿಯ ಹತ್ತಿರ ನಿಲ್ಲಲಿಲ್ಲ. ಆಶೀರ್ವಾದ ಕೇಳಲಿಲ್ಲ. ಆ ಹುಡುಗಿಗೆ ಮಾತು ಬಂದಾಗಿನಿಂದ ಅದು ಮೊದಲ ಸಲ. ಎರ್ಸಿಲಿಯಾ ಅಂಗಳದಲ್ಲಿ ಕತ್ತಲಾಗುವ ತನಕ ಕೂತಿದ್ದಳು. ನಾಳೆ ಹೋಗಿ ಹೇಳಿದರಾಯಿತು, ನೆನಪಾಯಿತು ಎಂದರಾಯಿತು ಅಂದುಕೊಂಡಳು. ನಾಳೆ ಹೋಗಲಿಲ್ಲ. ಮಗನ ಫೈಲು ಒಂದು ಇತ್ಯರ್ಥವಾಗಲಿ, ಆಮೇಲೆ ಎಂದುಕೊಂಡಳು. ಕ್ರಿಸ್ಮಸ್ ಬಂತು, ಹೋಯಿತು. ಫೆಬ್ರವರಿಯೂ ಹೋಯಿತು.

ಪರೀಕ್ಷೆಗೆ ಕೂರಲಾಗದ ಹುಡುಗಿ ಶಾಲೆ ಬಿಟ್ಟು ಸಂತೆಯಲ್ಲಿ ಹಳೆ ಬಟ್ಟೆ ಮಾರಲು ಹೊರಟಿದ್ದಳು. ಮಾರ್ಚಿನ ಒಂದು ಬೆಳಗ್ಗೆ ಸಂತೆಯ ದಾರಿಯಲ್ಲಿ ವಲಸೆ ಪೊಲೀಸರ ಲಾರಿ ನಿಂತಿತ್ತು. ಕಾಗದ ಕೇಳಿದರು. ಇರಲಿಲ್ಲ. "ನಾನು ಇಲ್ಲೇ ಹುಟ್ಟಿದ್ದು, ನಮ್ಮ ಮದ್ರಿನಾನ ಕೇಳಿ" ಅಂದಳಂತೆ. ಯಾರು ಕೇಳುತ್ತಾರೆ? ಮೂರು ದಿನದ ಮೇಲೆ ಸುದ್ದಿ ಬಂತು: ನದಿಯ ಸೇತುವೆ ದಾಟಿಸಿ ಹೈತಿಗೆ ಬಿಟ್ಟಿದ್ದಾರೆ.

ಮಾರನೆಯ ದಿನ ಮಿರ್ಲಾಂದ್ ಬೇಲಿಯ ಈಚೆಗೆ ಬಂದಳು. ತಲೆಯ ಮೇಲೆ ಗಂಟು. ಕೈಯಲ್ಲಿ ಎರ್ಸಿಲಿಯಾಳದೇ ಬಿಳಿ ಪಿಂಗಾಣಿ ಬಟ್ಟಲು. ಕಳೆದ ವರ್ಷದ ಪಾಯಸದಿಂದ ಅವಳಲ್ಲೇ ಉಳಿದುಹೋಗಿತ್ತು.

"ತಗೊಳ್ಳಿ ಕೊಮಾದ್ರೆ. ಖಾಲಿ ಪಾತ್ರೆ ವಾಪಸ್ ಕೊಡಬಾರ್ದಲ್ಲ." ಬಟ್ಟಲಿನಲ್ಲಿ ಬಿಸಿ ಪಾಯಸವಿತ್ತು.

"ಮಿರ್ಲಾಂದ್, ನಾನು..."

"ಹುಡುಗಿಗೆ ಅಲ್ಲಿ ಭಾಷೆನೇ ಸರಿಯಾಗಿ ಬರಲ್ಲ. ಅಲ್ಲಿ ಅವಳನ್ನ ಈ ಕಡೆಯೋಳು ಅಂತಾರಂತೆ. ನಾನು ಹೋಗ್ದಿದ್ರೆ ಯಾರಿದ್ದಾರೆ ಅವಳಿಗೆ?" ಅವಳು ಹಿತ್ತಲಿನ ಕಡೆ ಒಮ್ಮೆ ನೋಡಿದಳು. "ಬಳ್ಳಿ ನಿಮ್ಮ ಮರದ ಬುಡದಲ್ಲೇ ಇದೆ. ಅದನ್ನ ಯಾರೂ ಲಾರಿಗೆ ಹಾಕಲ್ಲ. ಸ್ವಲ್ಪ ನೋಡ್ಕೊಳ್ಳಿ."

ಬೈದಿದ್ದರೆ ಚೆನ್ನಾಗಿತ್ತು. ಮುಖಕ್ಕೆ ಉಗಿದಿದ್ದರೆ ಇನ್ನೂ ಚೆನ್ನಾಗಿತ್ತು. ಎರ್ಸಿಲಿಯಾ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದಳು. ಪಾಯಸ ಆರಿ ಮೇಲೆ ಕೆನೆಗಟ್ಟಿತು.

ಈಸ್ಟರಿಗೆ ಅರಿಸ್ಮೆಂದಿ ಬಂದ. ತೋಳಿನ ಮೇಲೆ ಹೊಸ ಪಟ್ಟಿ ಹೊಳೆಯುತ್ತಿತ್ತು. ಅನ್ನ, ಒಣಮೀನಿನ ಸಾರು ಬಡಿಸಿ ಎರ್ಸಿಲಿಯಾ ಎದುರಿಗೆ ಕೂತಳು. ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ಮಗಾ, ನಿಮ್ಮಜ್ಜಿ... ನನ್ನಮ್ಮ... ಈ ಕಡೆಯೋಳಲ್ಲ."

ಅವನು ಮೀನಿನ ಮುಳ್ಳು ತೆಗೆಯುತ್ತಲೇ, "ಗೊತ್ತಮ್ಮ" ಎಂದ.

"ಏನು ಗೊತ್ತು?"

"ಹೈತಿಯೋಳು ಅಂತ. ನಾನು ಆರನೇ ಕ್ಲಾಸಲ್ಲಿದ್ದಾಗ್ಲೇ ಅಪ್ಪ ಹೇಳಿದ್ದ. ನಮ್ಮ ಶಿಬಿರದಲ್ಲೂ ಎಲ್ಲರಿಗೂ ಗೊತ್ತು. ನಮ್ಮ ಕ್ಯಾಪ್ಟನ್ ಅಜ್ಜಿನೂ ಅಲ್ಲಿಯೋಳೇ. ಅರ್ಧ ಪಡೆ ಅಂಥೋರೇ ಅಮ್ಮ. ಯಾರೂ ಬಾಯಿ ಬಿಡಲ್ಲ ಅಷ್ಟೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

"ನೀನು ಮುಚ್ಚಿಟ್ಕೊಂಡಿದ್ದೆ. ನಿನಗೆ ನೋವಾಗತ್ತೆ ಅಂತ ಸುಮ್ಮನಿದ್ದೆ." ತಟ್ಟೆ ಸರಿಸಿ ಅವನು ಬೇಲಿಯ ಕಡೆ ನೋಡಿದ. "ಅಲ್ಲಾ, ಮಿರ್ಲಾಂದ್ ಅಕ್ಕನ ಮನೆ ಯಾಕೆ ಬೀಗ ಹಾಕಿದೆ? ಯೊಕಾಸ್ತಾಗೆ ನೀನು ಬರೆಸಿಕೊಟ್ಯಲ್ಲ, ಪರೀಕ್ಷೆ ಏನಾಯ್ತು?"

ಎರ್ಸಿಲಿಯಾ ಅವನು ಸರಿಸಿದ ತಟ್ಟೆಯನ್ನು ಎತ್ತಿಕೊಂಡಳು. ಎಲ್ಲರಿಗೂ ಗೊತ್ತಿದ್ದ ಗುಟ್ಟನ್ನು ಕಾಯಲು ಹೋಗಿ ತಾನು ಉಸಿರು ತುಂಬಿದ ಹುಡುಗಿಯನ್ನೇ ಕೊಟ್ಟುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಆಡದೆ ನುಂಗಿದ ಮಾತಿಗೂ ಅದೇ ಗತಿಯಾಯಿತು.

ಹಬ್ಬದ ರಜೆ ಮುಗಿದ ದಿನ ಅವಳು ಒಬ್ಬಳೇ ಬಸ್ಸು ಹತ್ತಿ ಕಚೇರಿಗೆ ಹೋದಳು. ಅದೇ ಗುಮಾಸ್ತ, ಅದೇ ಎಣ್ಣೆ ಮೆತ್ತಿದ ತಲೆ.

"ಹೇಳೋಕೆ ಬಂದಿದ್ದೀನಿ. ಯೊಕಾಸ್ತಾ ವಿಷಯ."

"ಆ ಕಾನೂನಿನ ಅವಧಿ ಮುಗೀತಲ್ಲ ಅಜ್ಜಿ. ಫೆಬ್ರವರಿಗೇ ಮುಗೀತು. ಈಗ ಬರೆದ್ರೂ ಪ್ರಯೋಜನ ಇಲ್ಲ."

"ಬರೀದಿದ್ರೆ ಬೇಡ. ಕೇಳು."

ನಿಂತುಕೊಂಡೇ ಹೇಳಿದಳು. ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ, ಹೊರಗೆ ಸುಡು ಬಿಸಿಲು, ಕತ್ತಿಗೆ ಎರಡು ಸುತ್ತು ಬಳ್ಳಿ, ಬಲಭುಜದ ಮೇಲೆ ಕಾಫಿ ಬೀಜದಷ್ಟು ಮಚ್ಚೆ, ನೀರು ಬಿದ್ದ ಮೇಲೆ ಕಿರುಚಿದ್ದು, ಮರದ ಬುಡ. ಒಂದನ್ನೂ ಬಿಡಲಿಲ್ಲ. ಯಾರೂ ಕೇಳದಿದ್ದರೂ ಕೊನೆಗೆ ತನ್ನ ತಾಯಿಯ ಹೆಸರನ್ನೂ ಹೇಳಿದಳು. ಆನಲೀಸ್, ನದಿಯಾಚೆಯವಳು. ಸಾಲಿನಲ್ಲಿದ್ದವರು ಯಾರೂ ನಗಲಿಲ್ಲ.

ಗುಮಾಸ್ತನ ಪೆನ್ನು ಮೇಜಿನ ಮೇಲೆ ಬಿದ್ದಲ್ಲೇ ಬಿದ್ದಿತ್ತು. "ಅಬ್ಬಾ, ಇಷ್ಟೆಲ್ಲಾ ನೆನಪಿದೆಯಲ್ಲ ಅಜ್ಜಿ! ಮತ್ತೆ ಅವತ್ತು?" ಎಂದ.

"ಅವತ್ತೂ ನೆನಪಿತ್ತು ಮಗಾ," ಎಂದಳು ಎರ್ಸಿಲಿಯಾ.